ಬೆಳ್ಳಿಯ ಕಣ ಮತ್ತು ಲಿಪಿಕಾರನ ಕೈ

ಹಳೆಯ ಹಸ್ತಪ್ರತಿಗಳೊಡನೆ ಬಳಕೆಯಿರುವವರಿಗೆ ಲಿಪಿಕಾರರಲ್ಲಿ ಎರಡು ಬಗೆ ಎಂಬುದು ತಿಳಿದ ಮಾತು. ಮುಂದಿರುವ ಓಲೆಯಲ್ಲಿ ಏನಿದೆಯೋ ಅದನ್ನು ತಿಳಿಯಲಿ, ತಿಳಿಯದಿರಲಿ, ಇದ್ದಂತೆಯೇ ಇಳಿಸಿಕೊಂಡು ಹೋಗುವವನು ಒಬ್ಬ. ತಿಳಿಯದ ಕಡೆ ತನಗೆ ತೋರಿದ್ದನ್ನು ಇಟ್ಟು, ಒರಟಾದುದನ್ನು ನಯಮಾಡಿ, ಪದ್ಯವನ್ನು ‘ತಿದ್ದಿ’ ಕೊಡುವವನು ಇನ್ನೊಬ್ಬ. ಮೊದಲನೆಯವನ ಪ್ರತಿ ತಪ್ಪುಗಳಿಂದ ತುಂಬಿರಬಹುದು. ಆದರೂ ಸಂಪಾದಕನು ನಂಬುವುದು ಅವನನ್ನೇ. ಎರಡನೆಯವನ ಪ್ರತಿ ಓದಲು ಸೊಗಸು. ಆದರೆ ಕವಿ ಎಲ್ಲಿ ಮುಗಿದ, ಲಿಪಿಕಾರ ಎಲ್ಲಿ ತೊಡಗಿದ ಎಂದು ಬಿಡಿಸಿ ಹೇಳುವುದು ಬ್ರಹ್ಮನಿಗೂ ಕಷ್ಟ.

ಓಲೆಗರಿಯ ಕಾಲ ಹೋಗಿ ಅಚ್ಚಿನ ಕಾಲ ಬಂದ ಮೇಲೆ ಈ ಎರಡನೆಯ ಲಿಪಿಕಾರನ ಕಾಟ ತೀರಿತೆಂದು ನಾವು ಭಾವಿಸಿದ್ದೆವು. ತೀರಲಿಲ್ಲ. ಅವನು ಯಂತ್ರವಾಗಿ ಮರಳಿ ಬಂದಿದ್ದಾನೆ. ಈಗ ಅವನ ಹೆಸರು ಎನ್‌ಕೋಡರು. ಅವನು ನಕಲು ಮಾಡುತ್ತಿರುವುದು ಕಾವ್ಯವನ್ನಲ್ಲ, ಚಲಚ್ಚಿತ್ರಗಳನ್ನು. ಒಂದು ಹಳೆಯ ಚಿತ್ರ ನಮ್ಮ ಕೈಯ ಫೋನಿಗೆ ಬಂದು ಸೇರಬೇಕಾದರೆ ಅದನ್ನು ಸಾವಿರಾರು ಪಾಲು ಕುಗ್ಗಿಸಬೇಕು. ಕುಗ್ಗಿಸುವ ಭರದಲ್ಲಿ ಎನ್‌ಕೋಡರು ಮೊತ್ತಮೊದಲು ಒರಸಿ ಹಾಕುವುದು ಫಿಲ್ಮಿನ ಕಣವನ್ನು. ಕಣವೆಂದರೆ ಏನು, ಅದು ಹೋದರೆ ನಷ್ಟವೇನು, ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಕನ್ನಡದ ಅಧ್ಯಾಪಕನೊಬ್ಬನು ವಿಚಾರಿಸಹೊರಟರೆ ವಾಚಕರು ಆಶ್ಚರ್ಯಪಡಬಾರದು. ಮೂಲತಃ ಇದು ಪಾಠದ ಪ್ರಶ್ನೆ. ಪಾಠಶೋಧನೆ ನನ್ನ ಕಸುಬು.

ನಾನು ಈ ವಿಚಾರಕ್ಕೆ ಬಂದದ್ದು ನನ್ನ ಸುತ್ತಲ ಸೀಮೆಯ ಕಾರಣದಿಂದ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳ ಮಣ್ಣು ಕನ್ನಡಕ್ಕೆ ಕೊಟ್ಟದ್ದು ಸಾಮಾನ್ಯವಲ್ಲ. ಶಿಗ್ಗಾವಿಯ ಬಾಡ ಕನಕದಾಸರ ಊರು; ಅದೇ ತಾಲೂಕಿನ ಶಿಶುನಾಳ ಶರೀಫ ಸಾಹೇಬರ ಊರು. ಹಿರೇಕೆರೂರಿನ ಅಬಲೂರು ಸರ್ವಜ್ಞನ ಹೆಸರಿನೊಡನೆ ಬೆಸೆದ ಊರು. ಸವಣೂರಿನಲ್ಲಿ ೧೯೦೯ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಹಾನಗಲ್ಲಿನ ಹೆಸರನ್ನು ಗಂಗೂಬಾಯಿಯವರು ಜಗತ್ತಿನ ಸಂಗೀತಸಭೆಗಳಲ್ಲೆಲ್ಲ ಮೊಳಗಿಸಿದರು. ಕನಕನ ಮುಖ ಹೇಗಿತ್ತೆಂದು ಕಂಡವರಿಲ್ಲ, ಸರ್ವಜ್ಞನದೂ ಹಾಗೆಯೇ. ಆದರೂ ತರಗತಿಯಲ್ಲಿ ಕನಕನ ಹೆಸರೆತ್ತಿದೊಡನೆ ಹುಡುಗರ ಕಣ್ಣಮುಂದೆ ಒಂದು ಮುಖ ನಿಲ್ಲುತ್ತದೆ. ಅದು ೧೯೬೦ರ ‘ಭಕ್ತ ಕನಕದಾಸ’ದಲ್ಲಿ ರಾಜಕುಮಾರರು ಕೊಟ್ಟ ಮುಖ. ೧೯೬೫ರ ‘ಸರ್ವಜ್ಞಮೂರ್ತಿ’ಯಲ್ಲಿ ಸರ್ವಜ್ಞನಿಗೆ ಮುಖ ಕೊಟ್ಟವರೂ ಅವರೇ. ಶರೀಫರನ್ನು ನಾವು ಬಲ್ಲದ್ದು ಬಹುಮಟ್ಟಿಗೆ ೧೯೯೦ರಲ್ಲಿ ನಾಗಾಭರಣರು ತೆಗೆದ ‘ಸಂತ ಶಿಶುನಾಳ ಶರೀಫ’ದಿಂದ. ಒಂದು ಸೀಮೆಯ ಸಂತರು ಆ ಸೀಮೆಯ ಮಕ್ಕಳ ಮನಸ್ಸಿನಲ್ಲಿ ಯಾವ ರೂಪದಿಂದ ನಿಲ್ಲುತ್ತಾರೆಂಬುದು ಈ ಚಿತ್ರಗಳ ನಕಲು ಹೇಗಾಗುತ್ತದೆ ಎಂಬುದನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಲ್ಲ.

ಕಣವೆಂದರೇನು?

೧೮೭೧ರಲ್ಲಿ ಮ್ಯಾಡಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಲವಣವನ್ನು ಬೆರೆಸಿ ಗಾಜಿಗೆ ಬಳಿದು, ಛಾಯಾಚಿತ್ರ ತೆಗೆಯಬಹುದೆಂದು ತೋರಿಸಿಕೊಟ್ಟನು. ಮುಂದೆ ಗಾಜಿನ ಸ್ಥಾನಕ್ಕೆ ಬಾಗುವ ಪಟ್ಟಿ ಬಂತು. ಪಟ್ಟಿ ಓಡತೊಡಗಿದಾಗ ಸಿನಿಮಾ ಹುಟ್ಟಿತು. ಆದರೆ ಒಳಗಿನ ಕ್ರಿಯೆ ಬದಲಾಗಲಿಲ್ಲ. ಅಂಟಿನಲ್ಲಿ ಲಕ್ಷೋಪಲಕ್ಷ ಹರಳುಗಳು ಹರಡಿಕೊಂಡಿರುತ್ತವೆ. ಬೆಳಕು ತಾಗಿದ ಹರಳು ರಸಾಯನದಲ್ಲಿ ಅದ್ದಿದಾಗ ಕಪ್ಪು ಬೆಳ್ಳಿಯಾಗುತ್ತದೆ. ಬೆಳಕು ತಾಗದ್ದು ತೊಳೆದುಹೋಗುತ್ತದೆ. ಹೀಗೆ ಉಳಿದ ಬೆಳ್ಳಿಯ ಕಣಗಳ ಗುಂಪೇ ಚಿತ್ರ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯನ್ನು ತೆಗೆದುಹಾಕಿ, ಅದು ಇದ್ದ ಕಡೆ ಬಣ್ಣದ ಪುಟ್ಟ ಮೋಡಗಳನ್ನು ಉಳಿಸುತ್ತಾರೆ. ಆ ಮೋಡಗಳ ಹರಹು ಕೂಡ ಮೂಲ ಕಣದ ಹರಹೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಟ್ಟೆಯ ಮೇಲೆ ಧೂಳು ಕೂತಂತೆ ಚಿತ್ರದ ಮೇಲೆ ಕಣ ಕೂತಿರುವುದಿಲ್ಲ. ರಂಗೋಲಿಯಲ್ಲಿ ಹಿಟ್ಟನ್ನು ಒರಸಿದರೆ ರಂಗೋಲಿ ಉಳಿಯದಲ್ಲವೇ? ಹಾಗೆಯೇ ಕಣವನ್ನು ತೆಗೆದರೆ ಚಿತ್ರ ಉಳಿಯುವುದಿಲ್ಲ. ಚಿತ್ರದ ಬಗೆಗಿನ ಒಂದು ಊಹೆ ಉಳಿಯುತ್ತದೆ. ಹರಳುಗಳು ಅಂಟಿನಲ್ಲಿ ಕೂಡುವ ರೀತಿಗೆ ಕ್ರಮವಿಲ್ಲವಾದ್ದರಿಂದ ಯಾವ ಎರಡು ಚೌಕಟ್ಟುಗಳ ಕಣವಿನ್ಯಾಸವೂ ಒಂದೇ ಆಗಿರದು. ಸೆಕೆಂಡಿಗೆ ೨೪ ಚೌಕಟ್ಟುಗಳು ಓಡುವಾಗ ಈ ಬದಲಾಗುವ ಕಣಗಳಿಂದ ಪರದೆಯ ಮೇಲೆ ಒಂದು ಸಣ್ಣ ಮಿಡಿತ ಹುಟ್ಟುತ್ತದೆ. ನಿಂತ ಗೋಡೆಗೂ ಖಾಲಿ ಆಕಾಶಕ್ಕೂ ಜೀವ ಇದ್ದಂತೆ ತೋರುವುದು ಈ ಮಿಡಿತದಿಂದ.

ಛಾಯಾಗ್ರಾಹಕನು ಕಣವನ್ನು ಬಲ್ಲವನು. ಬೆಳಕು ಕಡಮೆಯಿದ್ದಲ್ಲಿ ಹೆಚ್ಚು ಚುರುಕಾದ ಫಿಲ್ಮು ಬೇಕು. ಚುರುಕು ಹೆಚ್ಚಿದಂತೆ ಹರಳು ದೊಡ್ಡದು, ಕಣ ದಪ್ಪ. ೧೯೭೦ರ ‘ಸಂಸ್ಕಾರ’ವನ್ನು ಆಸ್ಟ್ರೇಲಿಯದ ಟಾಮ್ ಕೋವನ್ನರು ಸ್ಟುಡಿಯೋದ ಹೊರಗೆ, ಶೃಂಗೇರಿಯ ಸುತ್ತಿನ ಮಲೆನಾಡಿನಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರಿಸಿದರು. ೧೯೭೫ರ ‘ಚೋಮನ ದುಡಿ’ಯನ್ನೂ ೧೯೭೭ರ ‘ಘಟಶ್ರಾದ್ಧ’ವನ್ನೂ ಎಸ್. ರಾಮಚಂದ್ರರು ಚಿತ್ರಿಸಿದರು. ಬಣ್ಣ ಬಂದು ವರ್ಷಗಳೇ ಕಳೆದಿದ್ದ ಕಾಲವದು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲೇ ತೆರೆ ಕಂಡಿತ್ತು. ಆ ಚಿತ್ರಗಳ ಕಪ್ಪು-ಬಿಳುಪಿಗೂ ಒರಟಿಗೂ ಕಥೆಯ ಬಾಳಿನೊಡನೆ ಸಂಬಂಧವಿದೆ. ಅದನ್ನು ನುಣುಪು ಮಾಡುವುದೆಂದರೆ ಜನಪದರ ಬಾಯಿಯ ತ್ರಿಪದಿಯನ್ನು ಪಂಡಿತಭಾಷೆಗೆ ‘ಶುದ್ಧ’ಪಡಿಸಿದಂತೆ.

ಹಾಗಾದರೆ ಪರದೆಯ ಮೇಲೆ ಕಾಣುವ ಒರಟೆಲ್ಲವೂ ಪೂಜ್ಯವೇ? ಅಲ್ಲ. ಇಲ್ಲಿ ಗ್ರಂಥಸಂಪಾದನೆಯ ವಿವೇಕ ನೆರವಿಗೆ ಬರುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಪ್ರತಿಗಳನ್ನು ಕೂಡಿಸಿ ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದಾಗ ಅವರ ಮುಂದಿದ್ದ ತೊಡಕು ಇದೇ: ಯಾವುದು ಕವಿಯ ನುಡಿ, ಯಾವುದು ಕೈಯಿಂದ ಕೈಗೆ ಬರುವಾಗ ಸೇರಿದ್ದು? ಫಿಲ್ಮಿನಲ್ಲಿಯೂ ಪದರಗಳಿವೆ. ಕ್ಯಾಮರಾದೊಳಗೆ ಓಡಿದ ನೆಗೆಟಿವಿನ ಕಣ ಕವಿಯ ಅಕ್ಷರ. ನೆಗೆಟಿವಿನಿಂದ ಮಧ್ಯಪ್ರತಿ, ಮಧ್ಯಪ್ರತಿಯಿಂದ ಪ್ರದರ್ಶನದ ಪ್ರಿಂಟು ಎಂದು ಇಳಿಯುವಾಗ ಪ್ರತಿ ಹಂತದಲ್ಲೂ ಹೊಸ ಫಿಲ್ಮಿನ ಕಣ ಮೇಲೆ ಸೇರುತ್ತದೆ. ಅದು ಲಿಪಿಕಾರನ ಕೈಬರಹ. ಟೂರಿಂಗ್ ಟಾಕೀಸುಗಳ ಯಂತ್ರದಲ್ಲಿ ಬಿದ್ದ ಗೀರು, ಅಂಟಿದ ಧೂಳು, ಹರಿದು ಜೋಡಿಸಿದ ಗುರುತು, ಇವು ಓಲೆಯ ಹುಳುಕು. ಹುಳುಕನ್ನು ತೆಗೆಯಲಿ, ಲಿಪಿಕಾರನ ಕೈಬರಹವನ್ನು ಗುರುತಿಸಿ ತೂಗಲಿ, ಕವಿಯ ಅಕ್ಷರವನ್ನು ಮುಟ್ಟಬಾರದು. ಇಷ್ಟು ವಿವೇಚನೆ ಎನ್‌ಕೋಡರಿಗೆ ಇಲ್ಲ. ಅದರ ಲೆಕ್ಕದಲ್ಲಿ ಮೂರೂ ಒಂದೇ, ‘ಗದ್ದಲ’.

ಬೆಂಗಳೂರಿನವರ ಒಂದು ಗಣಿತ

ಕುಗ್ಗಿಸುವ ಈ ವಿದ್ಯೆಯ ಬುಡದಲ್ಲಿ ಇರುವವರೂ ನಮ್ಮ ನಾಡಿನವರೇ ಎಂಬುದನ್ನು ಬಹುಮಂದಿ ಅರಿಯರು. ನಾಸಿರ್ ಅಹಮದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದವರು. ೧೯೭೨ರಲ್ಲಿ ಅವರು ಒಂದು ಗಣಿತಕ್ರಮದ ಮೇಲೆ ಸಂಶೋಧನೆ ನಡೆಸಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಬೇಡಿದರು, ಬೇಡಿಕೆ ತಿರಸ್ಕೃತವಾಯಿತು. ಆದರೂ ಕೆಲಸ ಬಿಡದೆ, ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ೧೯೭೪ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ‘ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಆ ಕ್ರಮವೇ ಮುಂದೆ ಜೆಪೆಗ್ ಚಿತ್ರಗಳಿಗೂ ವಿಸಿಡಿ, ಡಿವಿಡಿಗಳಿಗೂ ಇಂದಿನ ಎಚ್.೨೬೪, ಎಚ್.೨೬೫, ಎವಿ೧ಗಳಿಗೂ ತಳಹದಿಯಾಯಿತು. ಹಳ್ಳಿಯ ಜಗಲಿಯ ಮೇಲೆ ಕುಳಿತವನು ಅಂಗೈಯಲ್ಲಿ ‘ಭಕ್ತ ಕನಕದಾಸ’ ನೋಡುತ್ತಿದ್ದರೆ ಅದಕ್ಕೆ ಬೆಂಗಳೂರಿನ ಈ ಮಹನೀಯರು ಕಾರಣ. ಆ ಉಪಕಾರವನ್ನು ಮರೆತು ಮುಂದಿನ ಮಾತನ್ನು ಆಡುವುದು ಕೃತಘ್ನತೆಯಾದೀತು.

ಕ್ರಮ ಇಷ್ಟು: ಚಿತ್ರವನ್ನು ಪುಟ್ಟ ಚೌಕಗಳಾಗಿ ಕತ್ತರಿಸುವುದು, ಹಳೆಯ ಪದ್ಧತಿಯಲ್ಲಿ ಒಂದು ಚೌಕಕ್ಕೆ ಎಂಟೆಂಟಲೆ ೬೪ ಚುಕ್ಕೆ. ಆ ೬೪ ಚುಕ್ಕೆಗಳನ್ನು ೬೪ ‘ಸ್ವರ’ಗಳಾಗಿ ಬಿಡಿಸುವುದು. ಮಂದ್ರವೆಂದರೆ ನಿಧಾನವಾಗಿ ಬದಲಾಗುವ ನೆರಳು-ಬೆಳಕು. ತಾರವೆಂದರೆ ಚುಕ್ಕೆಯಿಂದ ಚುಕ್ಕೆಗೆ ಆಗುವ ಸಣ್ಣ ಏರುಪೇರು. ಕಣ್ಣು ಮಂದ್ರವನ್ನು ಹೆಚ್ಚು ಗ್ರಹಿಸುತ್ತದೆ, ತಾರವನ್ನು ಕಡಮೆ. ಆದ್ದರಿಂದ ತಾರದ ಸಣ್ಣ ಅಂಕಿಗಳನ್ನು ಸೊನ್ನೆಯೆಂದು ಬರೆದುಬಿಟ್ಟರೆ ಜಾಗ ಉಳಿಯಿತು, ನೋಡುವವನಿಗೂ ಗೊತ್ತಾಗಲಿಲ್ಲ. ಕಣ ಇರುವುದು ಈ ತಾರದಲ್ಲಿ.

ಇನ್ನೊಂದು ಉಪಾಯವೂ ಉಂಟು. ಹಾಡಿನ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಅಚ್ಚುಹಾಕಿ, ಮುಂದಿನ ನುಡಿಗಳ ಕೊನೆಯಲ್ಲಿ ಬರಿಯ ‘ಪ’ ಎಂದು ಸೂಚಿಸುವಂತೆ, ಎನ್‌ಕೋಡರು ಒಂದು ಚೌಕಟ್ಟನ್ನು ಪೂರ್ತಿ ಬರೆದು, ಮುಂದಿನದಕ್ಕೆ ‘ಹಿಂದಿನಂತೆ, ಈ ಭಾಗ ಇಷ್ಟು ಸರಿದಿದೆ’ ಎಂದಷ್ಟೇ ಬರೆದಿಡುತ್ತದೆ. ಗೋಡೆ ಅದೇ ಗೋಡೆ, ಕಂಬ ಅದೇ ಕಂಬ. ಆದರೆ ಕಣ ಮಾತ್ರ ಪ್ರತಿ ಚೌಕಟ್ಟಿಗೂ ಹೊಸತು; ಅದು ಪಲ್ಲವಿಯೇ ಇಲ್ಲದ ಹಾಡು. ಕ್ರಮವಿಲ್ಲದುದನ್ನು ಕುಗ್ಗಿಸಲಾಗದೆಂಬುದನ್ನು ೧೯೪೮ರಲ್ಲಿಯೇ ಶಾನನ್ ಎಂಬ ಗಣಿತಜ್ಞನು ಸಿದ್ಧಾಂತವಾಗಿ ತೋರಿಸಿದ್ದಾನೆ. ಹೀಗಾಗಿ ಎನ್‌ಕೋಡರಿನ ಮುಂದೆ ಇರುವ ದಾರಿ ಎರಡೇ: ಕಣಕ್ಕಾಗಿ ಧಾರಾಳವಾಗಿ ಜಾಗ ವೆಚ್ಚಮಾಡುವುದು, ಇಲ್ಲವೆ ಅದನ್ನು ಬಿಟ್ಟುಬಿಡುವುದು.

ಸವಣೂರಿನ ಒಂದು ರೀಲು

ಇದನ್ನೆಲ್ಲ ಪುಸ್ತಕದ ಬದನೆಕಾಯಿಯಾಗಿ ಉಳಿಸದೆ ಕಣ್ಣಾರೆ ನೋಡುವ ಅವಕಾಶ ನನಗೆ ದೊರೆಯಿತು. ಸವಣೂರಿನ ಪರಿಚಿತರ ಮನೆಯಲ್ಲಿ ೮ ಮಿಲಿಮೀಟರಿನ ಒಂದು ಕಪ್ಪುಬಿಳುಪು ರೀಲು ಇತ್ತು. ನಾಲ್ಕು ನಿಮಿಷದ ಮೂಕಚಿತ್ರ. ಸುಮಾರು ನಾಲ್ಕು ಸಾವಿರ ಚೌಕಟ್ಟು. ಊರಿನ ಪ್ರಸಿದ್ಧವಾದ ಮೂರು ದೊಡ್ಡಹುಣಸೆ ಮರಗಳ ಕೆಳಗೆ ಮನೆಯವರೆಲ್ಲ ನಿಂತಿದ್ದಾರೆ. ನಡುವೆ ಅಜ್ಜಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕ್ಯಾಮರಾದತ್ತ ಸಂಶಯದಿಂದ ನೋಡುತ್ತಾರೆ. ಅವರದೆಂದು ಉಳಿದಿರುವ ಚಲಿಸುವ ಚಿತ್ರ ಇದೊಂದೇ. ಆ ಮರಗಳಲ್ಲಿಯೂ ಒಂದು ೨೦೨೩ರ ಮಳೆಗಾಲದಲ್ಲಿ ಉರುಳಿತು. ಅದನ್ನು ಮತ್ತೆ ನೆಟ್ಟು ಬದುಕಿಸುವ ಪ್ರಯತ್ನ ನಡೆಯಿತು.

ಮನೆಯವರು ರೀಲನ್ನು ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿಸಿ ತಂದಾಗ ಅದು ಐವತ್ತು ಜಿಬಿಯಷ್ಟಿತ್ತು. ಬಂಧುಗಳಿಗೆ ಕಳಿಸಲು ಅದನ್ನು ಹದಿನಾರು ಎಂಬಿಗೆ ಇಳಿಸಿದರು. ಮೂರು ಸಾವಿರದಲ್ಲಿ ಒಂದು ಪಾಲು. ಅದನ್ನು ಫೋನಿನಲ್ಲಿ ನೋಡಿದ ಹಿರಿಯ ಮಗಳು ಹೇಳಿದ ಮಾತು ಒಂದೇ: “ಇದು ನಮ್ಮವ್ವ ಅಲ್ಲ, ಮೇಣದ ಗೊಂಬಿ.” ಮುಖದ ಸುಕ್ಕು ಹೋಗಿತ್ತು, ಮರದ ತೊಗಟೆ ಸಾರಿಸಿದ ನೆಲದಂತಾಗಿತ್ತು.

ಯಂತ್ರಜ್ಞಾನ ಬಲ್ಲ ಒಬ್ಬ ವಿದ್ಯಾರ್ಥಿಯನ್ನು ಕೂಡಿಸಿಕೊಂಡು ಅದೇ ರೀಲನ್ನು ಬೇರೆ ಬೇರೆ ಎನ್‌ಕೋಡರುಗಳಿಗೆ ಕೊಟ್ಟು ನೋಡಿದೆ. ಎಚ್.೨೬೪ ಎಂಬುದು ೨೦೦೩ರ ಕ್ರಮ. ಅದರ ಎಕ್ಸ್೨೬೪ ಎಂಬ ಎನ್‌ಕೋಡರು ಎಲ್ಲೆಡೆ ಬಳಕೆಯಲ್ಲಿದೆ. ಸಾಧಾರಣ ಹದದಲ್ಲಿ ಅದು ಕಣವನ್ನು ಅರೆಬರೆ ಉಳಿಸಿತು. ಆದರೆ ಉಳಿದ ಕಣ ಗೋಡೆಗೆ ಅಂಟಿಕೊಂಡು ನಿಂತು, ಪೂರ್ತಿ ಚೌಕಟ್ಟು ಬಂದಾಗಲೊಮ್ಮೆ ಥಟ್ಟನೆ ಬದಲಾಗುತ್ತಿತ್ತು. ಉಸಿರಾಟ ನಿಂತು ನಿಂತು ಆಡಿದ ಹಾಗೆ. ಅದೇ ಎನ್‌ಕೋಡರಿನಲ್ಲಿ ‘ಗ್ರೇನ್’ ಎಂಬ ಬೇರೆ ಹದವಿದೆ. ಅದನ್ನು ಹಾಕಿದರೆ ಚೌಕಗಳ ಅಂಚನ್ನು ನುಣುಪುಗೊಳಿಸುವ ಕೆಲಸ ತಗ್ಗುತ್ತದೆ, ಸಣ್ಣ ಅಂಕಿಗಳನ್ನು ಸೊನ್ನೆಮಾಡುವ ಆತುರವೂ ತಗ್ಗುತ್ತದೆ. ಅಜ್ಜಿಯ ಸುಕ್ಕು ಮರಳಿತು. ಕಡತ ಎರಡು ಪಟ್ಟಿಗೂ ಮೀರಿ ಬೆಳೆಯಿತು.

೨೦೧೩ರ ಎಚ್.೨೬೫ ಕ್ರಮದ ಎಕ್ಸ್೨೬೫ ಇನ್ನೂ ಚಿಕ್ಕ ಕಡತ ಕೊಟ್ಟಿತು. ದೊಡ್ಡ ಚೌಕಗಳನ್ನು ಬಳಸುವ, ಮೇಲೊಂದು ತಿದ್ದುವ ಶೋಧಕವನ್ನೂ ಇಟ್ಟುಕೊಂಡಿರುವ ಈ ಕ್ರಮ ಸಾಧಾರಣ ಹದದಲ್ಲಿ ನುಣುಪಿನ ಕಡೆಗೇ ವಾಲುತ್ತದೆ. ಶೋಧಕವನ್ನು ನಿಲ್ಲಿಸಿ, ಇಲ್ಲಿಯೂ ಇರುವ ‘ಗ್ರೇನ್’ ಹದವನ್ನು ಹಿಡಿದಾಗ ಮಾತ್ರ ತೊಗಟೆ ತೊಗಟೆಯಾಯಿತು. ಆಗ ಕಡತದ ಉಳಿತಾಯವೂ ಬಹುಮಟ್ಟಿಗೆ ಕರಗಿತು. ೨೦೧೮ರ ಎವಿ೧ ಕ್ರಮದ ಎನ್‌ಕೋಡರು ಕಡಮೆ ಜಾಗದಲ್ಲಿ ಕೊಟ್ಟ ಚಿತ್ರ ಎಲ್ಲಕ್ಕಿಂತ ಶುಭ್ರ, ಎಲ್ಲಕ್ಕಿಂತ ಅಸತ್ಯ. ಆಕಾಶದಲ್ಲಿ ಕಣ ಹೋದೊಡನೆ ಬೆಳಕಿನ ಇಳಿಜಾರು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿತ್ತು. ಕಣವು ಆ ಮೆಟ್ಟಿಲುಗಳನ್ನು ಮರೆಸುತ್ತಿತ್ತೆಂದು ಆಗ ತಿಳಿಯಿತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಎನ್‌ಕೋಡರುಗಳ ಯೋಗ್ಯತೆಯನ್ನು ಅಳೆಯಲು ಅಂಕ ಕೊಡುವ ಪದ್ಧತಿಯಿದೆ. ಮೂಲಕ್ಕೂ ನಕಲಿಗೂ ಚುಕ್ಕೆಚುಕ್ಕೆಯ ವ್ಯತ್ಯಾಸದ ಸರಾಸರಿಯನ್ನು ತೆಗೆಯುವುದು ಅದರ ಹಳೆಯ ರೂಪ. ಈ ಪದ್ಧತಿಯಲ್ಲಿ ಕಣವನ್ನು ಉಳಿಸಲು ಹೋಗಿ ಒಂದಿಷ್ಟು ಆಚೀಚೆ ಇಟ್ಟವನಿಗಿಂತ, ಪೂರ್ತಿ ಒರಸಿ ಸರಾಸರಿಯ ಬೂದಿಬಣ್ಣ ಬಳಿದವನಿಗೆ ಹೆಚ್ಚು ಅಂಕ ಬೀಳುತ್ತದೆ. ಗೈಡು ಓದಿ ಬರೆದವನು ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುವುದನ್ನು ಕಂಡ ಅಧ್ಯಾಪಕರಿಗೆ ಇದು ಹೊಸತಲ್ಲ. ಕಣ್ಣಿನಿಂದ ನೋಡದೆ ಅಂಕವನ್ನಷ್ಟೇ ನಂಬಿದರೆ ನುಣುಪೇ ಗೆಲ್ಲುತ್ತದೆ.

ಕಲ್ಪಿತ ಪಾಠ

ಎವಿ೧ರಲ್ಲಿ ಒಂದು ಚಮತ್ಕಾರವಿದೆ. ಎನ್‌ಕೋಡರು ಮೊದಲು ಚಿತ್ರದಿಂದ ಕಣವನ್ನು ಸೋಸಿ ಬೇರ್ಪಡಿಸುತ್ತದೆ. ಸೋಸಿದ ಕಣವನ್ನು ಇಟ್ಟುಕೊಳ್ಳುವುದಿಲ್ಲ; ಅದರ ಲಕ್ಷಣವನ್ನು ಮಾತ್ರ ಬರೆದಿಡುತ್ತದೆ: ಎಷ್ಟು ದಪ್ಪ, ನೆರಳಿನಲ್ಲಿ ಎಷ್ಟು, ಬೆಳಕಿನಲ್ಲಿ ಎಷ್ಟು, ಒಂದರ ಪಕ್ಕ ಒಂದು ಹೇಗೆ ಕೂಡುತ್ತದೆ. ನೋಡುವವನ ಯಂತ್ರ ಆ ಲಕ್ಷಣದ ಪ್ರಕಾರ ೬೪ಕ್ಕೆ ೬೪ ಚುಕ್ಕೆಯ ಒಂದು ಹಾಸನ್ನು ನೆಯ್ದು, ಅದರ ತುಂಡುಗಳನ್ನು ಅಲ್ಲಲ್ಲಿಂದ ಆಯ್ದು ಚಿತ್ರದ ಮೇಲೆ ಹರಡುತ್ತದೆ. ಇಂಥ ಅವಕಾಶ ಎಚ್.೨೬೪ರ ಕಾಲದಿಂದಲೇ ಇದ್ದರೂ ಬಳಕೆ ಅಪರೂಪವಾಗಿತ್ತು. ಎವಿ೧ ಅದನ್ನು ಎಲ್ಲ ಯಂತ್ರಗಳಿಗೂ ಕಡ್ಡಾಯದ ಭಾಗವಾಗಿಸಿತು. ೨೦೨೫ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಚಿತ್ರಗಳಿಗೆ ಇದನ್ನು ವಿಸ್ತಾರವಾಗಿ ಅಳವಡಿಸಿತು.

ಸವಣೂರಿನ ರೀಲನ್ನು ಈ ರೀತಿ ಮಾಡಿ ತೋರಿಸಿದಾಗ ಮನೆಯವರಿಗೆ ಸಂತೋಷವಾಯಿತು. ಚಿಕ್ಕ ಕಡತ; ಆದರೂ ಪರದೆ ಮಿಡಿಯುತ್ತಿತ್ತು, ಆಕಾಶದ ಮೆಟ್ಟಿಲು ಮಾಯವಾಗಿತ್ತು. ನನಗೂ ಮೆಚ್ಚುಗೆಯಾಯಿತೆಂದು ಮರೆಮಾಚದೆ ಹೇಳುತ್ತೇನೆ. ಆದರೆ ಪಾಠಶೋಧಕನ ದೃಷ್ಟಿಯಿಂದ ಇದು ಕಲ್ಪಿತ ಪಾಠ. ಓಲೆ ಮುರಿದ ಕಡೆ ಕವಿಯ ಶೈಲಿಯನ್ನು ಬಲ್ಲ ಪಂಡಿತನು ಛಂದಸ್ಸಿಗೆ ಸರಿಯಾಗಿ ಹೊಸೆದು ತುಂಬಿದ ಸಾಲು ಅದು. ಸಾಲು ಸೊಗಸಾಗಿರಬಹುದು, ಕವಿಯೇ ಬರೆದಂತೆ ಇರಬಹುದು, ಕವಿ ಬರೆದದ್ದಲ್ಲ. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಕಣವನ್ನು ಸೋಸುವಾಗ ಅದರ ಜೊತೆಗೆ ಹೋದ ಸಣ್ಣ ಸುಕ್ಕು, ನೂಲಿನ ಎಳೆ, ತೊಗಟೆಯ ಬಿರುಕು ಹೊಸ ಕಣ ಚೆಲ್ಲಿದ ಮಾತ್ರಕ್ಕೆ ಮರಳಿ ಬರುವುದಿಲ್ಲ. ಸಂಪಾದಕನು ತಾನು ತುಂಬಿದ ಅಕ್ಷರಕ್ಕೆ ಕಂಸ ಹಾಕುತ್ತಾನೆ. ಈ ಯಂತ್ರ ಕಂಸ ಹಾಕುವುದಿಲ್ಲ.

ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ೧೯೩೦ರ ದಶಕದಲ್ಲಿ ಅವರ ಹಾಡುಗಳು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಗ್ರಾಮಫೋನು ತಟ್ಟೆಗಳಾಗಿ ಬಂದವು. ಆಗಿನ ಅವರ ಕಂಠ ಎತ್ತರದ್ದು, ತೆಳುವಾದದ್ದು. ಗಂಟಲ ಚಿಕಿತ್ಸೆಯ ಅನಂತರ ನಾವೆಲ್ಲ ಬಲ್ಲ ಆ ಗಂಭೀರ ಧ್ವನಿ ಬಂತು. ಮೊದಲಿನ ಕಂಠಕ್ಕೆ ಆ ತಟ್ಟೆಗಳೇ ಆಧಾರ. ತಟ್ಟೆಯ ಕರಕರ ಸದ್ದು ಗಾಯನದ ಭಾಗವಲ್ಲ, ನಿಜ. ಆದರೆ ಅದನ್ನು ಪೂರಾ ಅಳಿಸುವ ಯಂತ್ರ ಗಾಯಕಿಯ ಉಸಿರನ್ನೂ ಸ್ವರದ ಅಂಚನ್ನೂ ಅಳಿಸಿಬಿಡುತ್ತದೆ. ಅಲ್ಲಿ ಸದ್ದು ಹೊರಗಿನದಾದರೂ ಇಷ್ಟು ಎಚ್ಚರ ಬೇಕು. ಫಿಲ್ಮಿನ ಕಣವಾದರೋ ಚಿತ್ರದ ಸ್ವಂತ ದ್ರವ್ಯ.

ಹೋದದ್ದು, ಇರುವುದು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚಿನಲ್ಲಿ ತೆರೆ ಕಂಡಿತು. ಅದರ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಉರಿಯುವಂಥದು, ಬೇಗ ಕೊಳೆಯುವಂಥದು. ಅದರ ಮೇಲೆ, ಓಡಿ ಮುಗಿದ ಚಿತ್ರಗಳನ್ನು ಬೆಳ್ಳಿಗಾಗಿ ತೊಳೆದು ಮಾರುವ ವಾಡಿಕೆಯೂ ನಮ್ಮ ದೇಶದಲ್ಲಿತ್ತು. ಯಾವ ಕಣ ಚಿತ್ರವಾಗಿತ್ತೋ ಅದೇ ಕಣ ತೂಕಕ್ಕೆ ಹೋಯಿತು. ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ. ಕೆ. ನಾಯರರಂಥವರು ದೇಶವನ್ನೆಲ್ಲ ಸುತ್ತಿ ಸಿಕ್ಕ ರೀಲುಗಳನ್ನು ಕೂಡಿಸಿದ ಮೇಲೆ ಅಷ್ಟಿಷ್ಟು ಉಳಿಯಿತು. ಉಳಿದುದಕ್ಕೂ ಆಯುಸ್ಸು ಉಂಟು: ನೈಟ್ರೇಟಿನ ಬದಲು ಬಂದ ಅಸಿಟೇಟ್ ಫಿಲ್ಮು ಸೆಕೆ-ತೇವಗಳಲ್ಲಿ ಹುಳಿ ವಾಸನೆ ಹೊಡೆದು ಮುರುಟಿಕೊಳ್ಳುತ್ತದೆ, ಹಳೆಯ ಬಣ್ಣದ ಪ್ರಿಂಟು ಕೆಂಪಗೆ ಮಾಸುತ್ತದೆ.

ಫಿಲ್ಮಿನಿಂದ ಮನೆಯ ಪರದೆಗೆ ಚಿತ್ರಗಳು ಬಂದ ಬಗೆಯನ್ನು ನೆನೆಯೋಣ. ಈ ಶತಮಾನದ ಆರಂಭದಲ್ಲಿ ಪೇಟೆಪೇಟೆಯಲ್ಲಿ ಮಾರುತ್ತಿದ್ದ ವಿಸಿಡಿಯ ಒಂದು ಚೌಕಟ್ಟಿನಲ್ಲಿ ಇದ್ದದ್ದು ೩೫೨ಕ್ಕೆ ೨೮೮, ಎಂದರೆ ಸುಮಾರು ಒಂದು ಲಕ್ಷ ಚುಕ್ಕೆ. ನೆಗೆಟಿವನ್ನು ಸಾಮಾನ್ಯ ಮಟ್ಟದಲ್ಲಿ ಸ್ಕ್ಯಾನ್ ಮಾಡಿದರೂ ೨೦೪೮ಕ್ಕೆ ೧೫೫೬, ಎಂದರೆ ಮೂವತ್ತು ಲಕ್ಷಕ್ಕೂ ಮಿಕ್ಕ ಚುಕ್ಕೆ. ಎರಡೂವರೆ ಗಂಟೆಯ ಚಿತ್ರಕ್ಕೆ ೨,೧೬,೦೦೦ ಚೌಕಟ್ಟು. ಕುಗ್ಗಿಸದೆ ಇಟ್ಟರೆ ಸುಮಾರು ೨,೭೦೦ ಜಿಬಿ. ವಿಸಿಡಿಯಲ್ಲಿ ಅದೇ ಚಿತ್ರ ಒಂದೂಕಾಲು ಜಿಬಿಯ ಆಸುಪಾಸು. ಮೂಲ ಸಿಗದೆ ಹೋದರೆ ಈ ಒಂದೂಕಾಲು ಜಿಬಿಯೇ ಮೂಲವಾಗಿ ನಿಲ್ಲುತ್ತದೆ; ಅದನ್ನು ಮತ್ತೆ ಮತ್ತೆ ಕುಗ್ಗಿಸಿದ್ದು ಅಂತರ್ಜಾಲದಲ್ಲಿ ಹರಿದಾಡುತ್ತದೆ. ನಕಲಿನ ನಕಲಿನ ನಕಲು.

ಸಂತೋಷದ ಸಂಗತಿಯೂ ಇಲ್ಲದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಅಮೆರಿಕದ ಫಿಲ್ಮ್ ಫೌಂಡೇಶನ್ನೂ ಸೇರಿ ಪುನರುದ್ಧಾರ ಮಾಡಿಸಿದವು, ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ಪ್ರದರ್ಶಿಸಲಾಯಿತು. ಇನ್ನೊಂದು ದಾರಿಯನ್ನೂ ನಾವು ಕಂಡಿದ್ದೇವೆ: ‘ಸತ್ಯ ಹರಿಶ್ಚಂದ್ರ’ ೨೦೦೮ರಲ್ಲಿ, ‘ಕಸ್ತೂರಿ ನಿವಾಸ’ ೨೦೧೪ರಲ್ಲಿ ಬಣ್ಣ ಬಳಿಸಿಕೊಂಡು ಬಂದವು. ಜನ ಮುಗಿಬಿದ್ದು ನೋಡಿದರು, ನೋಡಲಿ. ಬಣ್ಣದ ಪ್ರತಿ ಬಂತೆಂದು ಕಪ್ಪುಬಿಳುಪಿನ ನೆಗೆಟಿವನ್ನು ಅಸಡ್ಡೆ ಮಾಡದಿದ್ದರೆ ಸಾಕು.

ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಫ್ಲೀಟ್ ಸಾಹೇಬರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು. ಶಾಸನವನ್ನು ಓದುವವರ ಪದ್ಧತಿ ನಮಗೆಲ್ಲ ತಿಳಿದದ್ದೇ: ತೊಯ್ದ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರದ ಜೊತೆಗೆ ಕಲ್ಲಿನ ತರಿ, ಬಿರುಕು, ಉಳಿಯ ಪೆಟ್ಟು ಎಲ್ಲವೂ ಅದರಲ್ಲಿ ಬೀಳುತ್ತವೆ. ಅದನ್ನು ನೋಡಿ ಪಾಠವನ್ನು ಸಿದ್ಧಮಾಡುತ್ತಾರೆ. ಪಾಠದಿಂದ ಸಾರಾಂಶವನ್ನು ಬರೆಯುತ್ತಾರೆ. ಸಾರಾಂಶ ಸಾವಿರ ಜನಕ್ಕೆ, ಪಾಠ ನೂರು ಜನಕ್ಕೆ, ಪಡಿಯಚ್ಚು ಹತ್ತು ಜನಕ್ಕೆ. ಆದರೆ ಪುಸ್ತಕ ಅಚ್ಚಾಯಿತೆಂದು ಪಡಿಯಚ್ಚನ್ನು ಒಲೆಗೆ ಹಾಕಿದವರಿಲ್ಲ. ಒಬ್ಬನು ಬಿರುಕೆಂದು ಬಿಟ್ಟದ್ದು ಮುಂದೊಬ್ಬನಿಗೆ ಅಕ್ಷರವೆಂದು ತೋರಿದ ಉದಾಹರಣೆಗಳು ಶಾಸನಶಾಸ್ತ್ರದಲ್ಲಿ ಬೇಕಾದಷ್ಟು.

ಚಿತ್ರಗಳ ವಿಷಯದಲ್ಲಿಯೂ ಇಷ್ಟೇ ಕ್ರಮ ಸಾಕು. ಪಡಿಯಚ್ಚಿನ ಸ್ಥಾನದಲ್ಲಿ ಒಂದು ಕಣವೂ ಕಳೆಯದ ಪ್ರತಿ ಇರಬೇಕು. ಅದಕ್ಕೆ ಎಫ್‌ಎಫ್‌ವಿ೧ ಎಂಬ ಕ್ರಮವಿದೆ. ಯಾರ ಸ್ವತ್ತೂ ಅಲ್ಲದ, ೨೦೨೧ರಲ್ಲಿ ಅಂತರ್ಜಾಲದ ಮಾನಕ ಮಂಡಲಿಯವರು ಪ್ರಕಟಿಸಿದ ಲಕ್ಷಣವುಳ್ಳ ಕ್ರಮವದು. ಅದು ಕುಗ್ಗಿಸಿದ್ದನ್ನು ಬಿಚ್ಚಿದರೆ ಮೊದಲಿದ್ದ ಅಂಕಿಯೇ ಅಕ್ಷರಶಃ ಮರಳುತ್ತದೆ. ಸವಣೂರಿನ ರೀಲು ಅದರಲ್ಲಿ ಅರ್ಧದಷ್ಟಕ್ಕೂ ಇಳಿಯಲಿಲ್ಲ. ಕಣದ ಬೆಲೆ ಎಷ್ಟೆಂಬುದಕ್ಕೆ ಅದೇ ಸಾಕ್ಷಿ. ಇಂದು ಡಿಸ್ಕಿನ ಬೆಲೆಯನ್ನು ನೋಡಿದರೆ ಒಂದು ಮನೆತನಕ್ಕೆ, ಒಂದು ಕಾಲೇಜಿಗೆ ಅದು ಹೊರಲಾರದ ಭಾರವಲ್ಲ. ಪಾಠದ ಸ್ಥಾನದಲ್ಲಿ ‘ಗ್ರೇನ್’ ಹದದ ಒಳ್ಳೆಯ ಪ್ರತಿ ಇರಲಿ. ಸಾರಾಂಶದ ಸ್ಥಾನದಲ್ಲಿ ಫೋನಿಗೆ ಕಳಿಸುವ ಪುಟ್ಟ ಪ್ರತಿ ಇರಲಿ. ಅದರಲ್ಲಿ ಕಲ್ಪಿತ ಕಣ ಇದ್ದರೆ ತಪ್ಪಿಲ್ಲ. ತಿಂಗಳ ಡೇಟಾವನ್ನು ಎಣಿಸಿ ಖರ್ಚುಮಾಡುವ ಹಳ್ಳಿಯ ಮನೆಗೆ ಅದೇ ಸರಿಯಾದದ್ದು; ಕಣದ ಹೆಸರಿನಲ್ಲಿ ಅವರಿಗೆ ಚಿತ್ರವೇ ಇಲ್ಲದಂತೆ ಮಾಡುವುದು ಮಡಿವಂತಿಕೆಯಾದೀತು.

ಇದರ ಜೊತೆಗೆ ಒಂದು ಹಳೆಯ ಸಂಪ್ರದಾಯವನ್ನು ಮರಳಿ ತರಬೇಕೆಂದು ನನ್ನ ಬಿನ್ನಹ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ತನ್ನ ಹೆಸರನ್ನು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡುತ್ತಿದ್ದನು. ಚಿತ್ರದ ಪ್ರತಿಯೊಂದು ನಕಲಿನ ಜೊತೆಗೂ ಅಂಥ ಒಂದು ಟಿಪ್ಪಣಿ ಇರಲಿ: ಯಾವ ಪ್ರಿಂಟಿನಿಂದ, ಯಾವ ದಿನ, ಯಾವ ಎನ್‌ಕೋಡರಿನಿಂದ, ಯಾವ ಹದದಲ್ಲಿ, ಕಣ ಮೂಲದ್ದೋ ಕಲ್ಪಿತವೋ. ನಾಲ್ಕು ಸಾಲಿನ ಕೆಲಸ. ಸರ್ವಜ್ಞನ ಹೆಸರಿನಲ್ಲಿ ಬಂದಿರುವ ತ್ರಿಪದಿಗಳಲ್ಲಿ ಎಷ್ಟು ಅವನವು ಎಂದು ವಿದ್ಯಾರ್ಥಿಗಳು ಕೇಳಿದಾಗ ನನ್ನಲ್ಲಿ ಉತ್ತರವಿಲ್ಲ; ತಿದ್ದಿದ ಕೈಗಳು ಗುರುತು ಬಿಡದೆ ಹೋದುದರಿಂದ ಆ ಉತ್ತರ ಇನ್ನು ಯಾರಲ್ಲೂ ಇರಲಾರದು. ನಮ್ಮ ಚಿತ್ರಗಳ ಮಟ್ಟಿಗೆ ಇನ್ನೂ ಕಾಲ ಮಿಂಚಿಲ್ಲ. ಬೆಳ್ಳಿಯ ಅಕ್ಷರವಿರುವ ನೆಗೆಟಿವುಗಳು ಹಲವು ಇನ್ನೂ ಇವೆ. ಅವು ಮುರುಟುವ ಮೊದಲು ಅವನ್ನು ಇದ್ದಂತೆ ಇಳಿಸಿಕೊಳ್ಳಬಲ್ಲ ಲಿಪಿಕಾರರು ಬೇಕಾಗಿದ್ದಾರೆ.